ವಿರಾಮದ ನಂತರ ದೆವ್ವ ಬಿಡಿಸುವ ನಾಟಕ: ಚಿತ್ರಮಂದಿರದ ವ್ಯವಸ್ಥಾಪಕರಿಗೆ ಒಂದು ದೂರು

ಗೆ,
ವ್ಯವಸ್ಥಾಪಕರು,
ಚಿತ್ರಮಂದಿರ ಕಚೇರಿ, ಕಲಬುರಗಿ

ವಿಷಯ: ಹಾರರ್ ಕಾಮಿಡಿ ಚಿತ್ರದ ಪ್ರಚಾರಕ್ಕೆಂದು ಹಾಲ್‌ನೊಳಗೆ ನಡೆಸಿದ ನಾಟಕ ಮತ್ತು ಮಿನುಗುವ ದೀಪಗಳಿಂದ ನಮ್ಮ ಮನೆಯ ಹುಡುಗಿಗೆ ಆದ ತೊಂದರೆ ಕುರಿತು.

ಮಾನ್ಯರೇ,

ಚಿತ್ರದ ಬಗ್ಗೆ ನನ್ನ ದೂರಿಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಿಶ್ಚಿತಾರ್ಥಕ್ಕೆ ಸೇರಿದ ಬೀಗರೊಳಗೆ ಒಬ್ಬರ ಮೈಯಿಂದ ಇನ್ನೊಬ್ಬರ ಮೈಗೆ ದೆವ್ವ ದಾಟುತ್ತ ಹೋಗುವ ಕಥೆ. ಶರಣಬಸವೇಶ್ವರ ಜಾತ್ರೆಗೆಂದು ಸೇಡಂ, ಆಳಂದ ಕಡೆಯಿಂದ ಬಂದಿದ್ದ ನೆಂಟರನ್ನೆಲ್ಲ ಕರೆದುಕೊಂಡು ತೇರಿನ ಮರುದಿನ ಸಂಜೆಯ ಆಟಕ್ಕೆ ಬಂದಿದ್ದೆವು. ಮುದುಕರು, ಮಕ್ಕಳು ಸೇರಿ ಒಂದಿಡೀ ಸಾಲು ನಮ್ಮದೇ. ವಿರಾಮದವರೆಗೆ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು. ಆ ಚಿತ್ರ ನಗಿಸುವುದು ಬೇವಿನ ತೊಪ್ಪಲು ಹಿಡಿದು ರೊಕ್ಕ ಕೀಳುವ ಮಂತ್ರವಾದಿಯನ್ನು ತೋರಿಸಿ. ಮೈಮೇಲೆ ಬಂದ ಹೆಂಗಸನ್ನು ಅದು ಒಂದು ಸಲವೂ ಗೇಲಿ ಮಾಡುವುದಿಲ್ಲ. ಬರೆದವರಿಗೆ ಈ ಸಂಕಟ ಗೊತ್ತಿದೆ ಅನಿಸಿತು.

ವಿರಾಮ ಮುಗಿದ ಮೇಲೆ ನೀವು ದೀಪ ಆರಿಸಿದಿರಿ. ಪರದೆಯ ಎರಡೂ ಬದಿಗೆ, ಮದುವೆ ಮೆರವಣಿಗೆಗೆ ಹಾಕುವಂಥ ಡಿಜೆ ಲೈಟು ಪಟಪಟನೆ ಮಿನುಗತೊಡಗಿತು. ಪ್ರೇಕ್ಷಕರ ನಡುವೆ ಕೂಡಿಸಿದ್ದ ನಿಮ್ಮ ನಟಿಯೊಬ್ಬರು ಕೂದಲು ಬಿಚ್ಚಿ ಚೀರುತ್ತ ಎದ್ದರು. ಹಣೆ ತುಂಬ ಕುಂಕುಮ ಬಳಿದುಕೊಂಡ ಇನ್ನೊಬ್ಬ ಬೇವಿನ ತೊಪ್ಪಲು ಬೀಸುತ್ತ ಓಡಿಬಂದ. ಟಿಕೆಟ್‌ನಲ್ಲಿ, ಆ್ಯಪ್‌ನಲ್ಲಿ, ಬಾಗಿಲ ಬಳಿ, ಎಲ್ಲಿಯೂ ಇದರ ಸುಳಿವಿರಲಿಲ್ಲ.

ನಮ್ಮ ಸಾಲಿನಲ್ಲಿ ನನ್ನ ಅಕ್ಕನ ಮಗಳಿದ್ದಳು. ಅವಳಿಗೆ ಫಿಟ್ಸ್ ಇದೆ. ಆ ಬೆಳಕಿಗೆ ಅವಳ ಕಣ್ಣು ಒಂದೇ ಕಡೆ ನಟ್ಟವು, ಕೈಕಾಲು ಸೆಟೆದವು, ಸೀಟಿನಿಂದ ಜಾರಿ ಎರಡು ಸಾಲುಗಳ ನಡುವೆ ಬಿದ್ದಳು. ಹಲ್ಲು ಕಚ್ಚಿಕೊಂಡಿತ್ತು, ಕಟವಾಯಿಯಲ್ಲಿ ನೊರೆ. ಸುತ್ತಲಿನವರು ಇದೂ ನಾಟಕವೆಂದು ತಿಳಿದು ಸಿಳ್ಳೆ ಹೊಡೆದರು, ಮೊಬೈಲ್ ಎತ್ತಿ ಹಿಡಿದರು. ಅವರನ್ನು ನಾನು ಬೈಯುವುದಿಲ್ಲ. ಹಾಗೆ ತಿಳಿಯುವಂತೆ ಮಾಡಿದವರು ನೀವು. ನಿಮ್ಮ ಮಂತ್ರವಾದಿಯೂ ಹಾಗೇ ತಿಳಿದ. ಬಂದು ಆ ಹುಡುಗಿಯ ಮುಖಕ್ಕೆ ತೊಪ್ಪಲಿನಿಂದ ಬಡಿದ. "ಬ್ಯಾಡ್ರೀ ಯಪ್ಪಾ, ಆಕಿಗಿ ಫಿಟ್ಸ್ ಬಂದಾವ, ಲೈಟ್ ಹಚ್ಚರಿ" ಎಂದು ಅಕ್ಕ ಕೂಗುತ್ತಿದ್ದದ್ದು ಆ ಸದ್ದಿನಲ್ಲಿ ಯಾರಿಗೂ ಕೇಳಲಿಲ್ಲ. ಟಾರ್ಚ್ ಹಿಡಿದು ಬಂದ ನಿಮ್ಮ ಸಿಬ್ಬಂದಿ ಅವಳ ಮುಷ್ಟಿಯೊಳಗೆ ಕೀಲಿಕೈ ಗೊಂಚಲು ತುರುಕಿದರು. ಕೊನೆಗೆ ನಿಮ್ಮ ಕ್ಯಾಂಟೀನಿನ ಒಬ್ಬ ಹುಡುಗ ಜನರನ್ನು ಹಿಂದೆ ಸರಿಸಿ, ಒಳಗೆ ಓಡಿ ದೀಪ ಹಾಕಿಸಿದ. ಅವನಿಗೆ ನಮ್ಮ ಮನೆಯವರೆಲ್ಲರ ನಮಸ್ಕಾರ ತಿಳಿಸಿ. ಕೆಲಸ ಬಿಟ್ಟು ಹೋದನೆಂದು ಅವನ ಪಗಾರದಲ್ಲಿ ಕಡಿಯಬೇಡಿ.

ಈ ಹುಡುಗಿ ಚಿಕ್ಕವಳಿದ್ದಾಗ "ಗಾಳಿ ಹಿಡದದ", "ಹೊರಗಿಂದು ಬಡದದ" ಎಂದು ಊರೆಲ್ಲ ಹೇಳುತ್ತಿತ್ತು. ನಮ್ಮ ಅವ್ವನೇ ಅವಳನ್ನು ಹುಣ್ಣಿಮೆ ಹುಣ್ಣಿಮೆಗೆ ಗಾಣಗಾಪುರಕ್ಕೆ ಕರೆದುಕೊಂಡು ಹೋಗಿ, ಭೀಮಾ ಅಮರ್ಜಾ ಸಂಗಮದಲ್ಲಿ ಮುಳುಗಿಸಿ ತರುತ್ತಿದ್ದಳು. ದತ್ತನ ಮೇಲಿನ ಭಕ್ತಿ ನಮಗೆ ಇಂದಿಗೂ ಇದೆ. ಆದರೆ ಇದು ಮಿದುಳಿನ ನರಗಳಲ್ಲಿ ವಿದ್ಯುತ್ ಸಂಕೇತ ಒಮ್ಮೆಗೇ ಏರುಪೇರಾಗಿ ಬರುವ ಕಾಯಿಲೆ, ಗುಳಿಗೆ ತಪ್ಪಿಸಬಾರದು ಎಂದು ಅವ್ವನಿಗೆ ಮನವರಿಕೆ ಮಾಡಲು ಅಕ್ಕ ಪಟ್ಟ ಪಾಡು ಹೇಳತೀರದು. ಸರಿಯಾದ ಚಿಕಿತ್ಸೆ ಸಿಕ್ಕರೆ ಫಿಟ್ಸ್ ಇರುವವರಲ್ಲಿ ನೂರಕ್ಕೆ 70 ಜನರವರೆಗೆ ಅದರ ಕಾಟವಿಲ್ಲದೆ ಬದುಕಬಲ್ಲರು ಎಂದು ವಿಶ್ವ ಆರೋಗ್ಯ ಸಂಸ್ಥೆಯೇ ಹೇಳುತ್ತದೆ. ಅವಳೂ ಹಾಗೇ ಚೆನ್ನಾಗಿದ್ದಳು, ಕಾಲೇಜಿಗೆ ಹೋಗುತ್ತಿದ್ದಳು. ಆ ಸಂಜೆ ಮನೆಗೆ ಬಂದ ಮೇಲೆ ಅವ್ವ ಕೇಳಿದ ಮೊದಲ ಮಾತು: "ಥೇಟರದಾಗಿನ ಮಂದಿಗೂ ಕಾಣಸ್ತಲ್ಲ, ಗುಳಿಗಿಗಿ ಹೋಗ್ತದೇನದು?" ಅಕ್ಕನ ಅಷ್ಟು ವರ್ಷದ ಕಷ್ಟದ ಮೇಲೆ ನೀವು ಹತ್ತು ನಿಮಿಷದಲ್ಲಿ ನೀರು ಸುರಿದಿರಿ.

"ಇದೆಲ್ಲ ಪ್ರಮೋಷನ್ ಸರ್, ಪಬ್ಲಿಕ್ ಎಂಜಾಯ್ ಮಾಡ್ಯಾರ" ಎಂದು ನಿಮ್ಮ ಕಚೇರಿಯವರು ಉಚಿತ ಪಾಸ್ ಮುಂದೆ ಚಾಚಿದರು. ನಮಗೆ ಪಾಸ್ ಬೇಡ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕು ಫಿಟ್ಸ್ ಇರುವ ಕೆಲವರಿಗೆ ತಕ್ಷಣ ಸೆಳೆತ ತರಿಸಬಲ್ಲದು. ಫಿಟ್ಸ್ ಇರುವವರಲ್ಲಿ ನೂರಕ್ಕೆ ಸುಮಾರು 3 ಜನರಿಗೆ ಈ ತೊಂದರೆ ಇರುತ್ತದೆ, ಮಕ್ಕಳು ಮತ್ತು ಹರೆಯದವರಲ್ಲಿ ಇನ್ನೂ ಹೆಚ್ಚು. ಮೊದಲೇ ಒಂದು ಮಾತು ಹೇಳಿದ್ದರೆ ಅವಳು ಹೊರಗೆ ಹೋಗಿ ನಿಲ್ಲುತ್ತಿದ್ದಳು. ಕಡೇಪಕ್ಷ ಒಂದು ಕಣ್ಣನ್ನು ಅಂಗೈಯಿಂದ ಪೂರ್ತಿ ಮುಚ್ಚಿಕೊಳ್ಳುತ್ತಿದ್ದಳು, ಡಾಕ್ಟರು ಅದನ್ನು ಹೇಳಿಕೊಟ್ಟಿದ್ದಾರೆ. ಸೆನ್ಸಾರ್ ಮಂಡಳಿ ಪ್ರಮಾಣಪತ್ರ ಕೊಟ್ಟದ್ದು ಪರದೆಯ ಮೇಲಿನ ಚಿತ್ರಕ್ಕೆ. ಪರದೆಯ ಕೆಳಗೆ ನೀವು ಆಡಿದ ನಾಟಕಕ್ಕೆ ಅದರ ಆಸರೆ ಸಿಗುವುದಿಲ್ಲ. ದೆವ್ವ ಬಿಡಿಸುವ ನೆಪದಲ್ಲಿ ಹೊಡೆಯುವುದು, ಮೆಣಸಿನಕಾಯಿ ಹೊಗೆ ಹಾಕುವುದು ಅಪರಾಧವೆಂದು ನಮ್ಮ ರಾಜ್ಯದಲ್ಲಿ 2017ರಲ್ಲೇ ಮೌಢ್ಯ ಪ್ರತಿಬಂಧಕ ಕಾಯ್ದೆ ಆಗಿದೆ, 2020ರಿಂದ ಜಾರಿಯಲ್ಲಿದೆ. ನಿಮ್ಮದು ನಾಟಕ, ಒಪ್ಪುತ್ತೇನೆ. ನಮ್ಮ ಹುಡುಗಿಯ ಮುಖಕ್ಕೆ ಬಿದ್ದ ಏಟು ನಾಟಕವಾಗಿರಲಿಲ್ಲ.

ಎಲ್ಲಕ್ಕಿಂತ ಮುಂಚೆ, ಪ್ರೇಕ್ಷಕರ ಭಯ ತೋರಿಸಲೆಂದು ನಿಮ್ಮ ಪ್ರಚಾರದ ಪುಟದಲ್ಲಿ ಹಾಕಿರುವ ವಿಡಿಯೋವನ್ನು ಇವತ್ತೇ ತೆಗೆಯಿರಿ. ಅದರಲ್ಲಿ ನೆಲಕ್ಕೆ ಬಿದ್ದ ನಮ್ಮ ಹುಡುಗಿ ಕಾಣುತ್ತಾಳೆ, ಮೇಲೆ ನಗುವ ಚಿತ್ರಗಳನ್ನು ಬೇರೆ ಅಂಟಿಸಿದ್ದೀರಿ. ಅವಳು ಅಂದಿನಿಂದ ಕಾಲೇಜಿಗೆ ಹೋಗಿಲ್ಲ. ಉಳಿದ ಆಟಗಳಲ್ಲಿ ಈ ನಾಟಕವನ್ನೂ ಮಿನುಗುವ ಲೈಟನ್ನೂ ನಿಲ್ಲಿಸಿ. ಚಿತ್ರದಲ್ಲೇ ಅಂಥ ಬೆಳಕಿದ್ದರೆ ಟಿಕೆಟ್ ಕೌಂಟರಿನಲ್ಲಿ ದೊಡ್ಡ ಅಕ್ಷರದಲ್ಲಿ ಕನ್ನಡದ ಬೋರ್ಡ್ ಹಾಕಿ, ಉರ್ದು ಮತ್ತು ಹಿಂದಿಯಲ್ಲೂ ಇರಲಿ. ನಿಮ್ಮ ಸಿಬ್ಬಂದಿಗೆ ಪ್ರಥಮ ಚಿಕಿತ್ಸೆ ಕಲಿಸಿ: ಫಿಟ್ಸ್ ಬಂದವರನ್ನು ಒಂದು ಮಗ್ಗುಲಿಗೆ ಹೊರಳಿಸಬೇಕು, ತಲೆಗೆ ಪೆಟ್ಟಾಗದಂತೆ ಮೆತ್ತಗಿನದೇನಾದರೂ ಇಡಬೇಕು, ಬಾಯಿಗೆ ಏನನ್ನೂ ತುರುಕಬಾರದು, ಬಿಗಿಯಾಗಿ ಒತ್ತಿ ಹಿಡಿಯಬಾರದು, 5 ನಿಮಿಷ ದಾಟಿದರೆ 108ಕ್ಕೆ ಕರೆ ಮಾಡಬೇಕು. ಕಬ್ಬಿಣ, ಈರುಳ್ಳಿ, ಚಪ್ಪಲಿ ಯಾವುದೂ ಬೇಕಿಲ್ಲ.

ಆಸ್ಪತ್ರೆಯ ಖರ್ಚು ನಾವೇ ಭರಿಸಿದ್ದೇವೆ, ಅದನ್ನು ಕೇಳುತ್ತಿಲ್ಲ. ಕೇಳುವುದು ಲಿಖಿತ ಕ್ಷಮಾಪಣೆ. ಅದು ಅಕ್ಕನ ಮಗಳ ಹೆಸರಿಗೆ ಬರಲಿ, ಅವಳಿಗೆ ಬಂದದ್ದು ಕಾಯಿಲೆ ಎಂಬ ಮಾತು ಅದರಲ್ಲಿ ಸ್ಪಷ್ಟವಾಗಿರಲಿ. ಅವ್ವನಿಗೆ ಓದಿ ಹೇಳಬೇಕಾಗಿದೆ. ಹದಿನೈದು ದಿನದೊಳಗೆ ಉತ್ತರ ಬಾರದಿದ್ದರೆ 1915 ಸಹಾಯವಾಣಿಯಲ್ಲಿ ದೂರು ದಾಖಲಿಸಿ, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ಸೇವಾ ನ್ಯೂನತೆಗಾಗಿ ಕಲಬುರಗಿಯ ಜಿಲ್ಲಾ ಗ್ರಾಹಕರ ಆಯೋಗಕ್ಕೆ ಹೋಗುತ್ತೇವೆ. ಟಿಕೆಟ್, ಆಸ್ಪತ್ರೆಯ ಚೀಟಿ ಮತ್ತು ನಿಮ್ಮ ಪುಟದ ವಿಡಿಯೋ ಪ್ರತಿ ಈ ಪತ್ರದ ಜೊತೆಗಿವೆ.

ಇಂತಿ,
ಹುಡುಗಿಯ ಸೋದರಮಾವ,
ಕಲಬುರಗಿ