ಅಪ್ಪನಿಗಿದ್ದ ಕಾಯಿಲೆಯ ಹೆಸರು, ಆಗಿನ ವಯಸ್ಸು ಬರೆದಿಡಿ

ಮಾನ್ಯ ಸಂಪಾದಕರೇ,

ಸಕಲೇಶಪುರ, ಬೇಲೂರು, ಮೂಡಿಗೆರೆ ಕಡೆಯಿಂದ ಹೊಟ್ಟೆಯ ತೊಂದರೆ ಹೇಳಿಕೊಂಡು ಹಾಸನದ ಆಸ್ಪತ್ರೆಗಳಿಗೆ ಬರುವ ಎಷ್ಟೋ ಜನರಿಗೆ ಗ್ಯಾಸ್ಟ್ರಿಕ್‌ಗಿಂತ ದೊಡ್ಡ ಅಂಜಿಕೆ ಇನ್ನೊಂದಿರುತ್ತದೆ. 'ನಮ್ಮಪ್ಪನೂ ಹೊಟ್ಟೆ ಕಾಯಿಲೆಯಲ್ಲೇ ಹೋದರು, ನನಗೂ ಹಾಗೇ ಆಗುತ್ತಾ?' ಯಾವ ಕಾಯಿಲೆ, ಆಗ ಅವರಿಗೆ ಎಷ್ಟು ವಯಸ್ಸು ಎಂದು ಕೇಳಿದರೆ ಮಾತು 'ಕರುಳು ಹುಣ್ಣು' ಎಂಬಲ್ಲಿಗೆ ನಿಂತುಬಿಡುತ್ತದೆ. ವೈದ್ಯರಿಗೆ ಮೊದಲು ಬೇಕಾದ್ದು ಆ ಎರಡೇ ಸಂಗತಿ.

ದೊಡ್ಡ ಕರುಳಿನ ಕ್ಯಾನ್ಸರನ್ನೇ ತೆಗೆದುಕೊಳ್ಳಿ. ಸಾಮಾನ್ಯವಾಗಿ ಅದು ಪಾಲಿಪ್ ಎಂಬ ಸಣ್ಣ ಗಂಟಿನಿಂದ ನಿಧಾನವಾಗಿ, ಹತ್ತು ವರ್ಷದ ಆಸುಪಾಸಿನಲ್ಲಿ ಬೆಳೆಯುತ್ತದೆ. ಕ್ಯಾಮೆರಾ ಇರುವ ಕೊಳವೆಯನ್ನು ಗುದದ್ವಾರದಿಂದ ಬಿಟ್ಟು ದೊಡ್ಡ ಕರುಳಿನ ಒಳಗನ್ನು ನೋಡುವ ಕೊಲೊನೋಸ್ಕೋಪಿ ಮಾಡುವಾಗಲೇ ಆ ಗಂಟನ್ನು ತೆಗೆದುಬಿಡಬಹುದು. ಹೆತ್ತವರಿಗೋ ಒಡಹುಟ್ಟಿದವರಿಗೋ 60ಕ್ಕಿಂತ ಮೊದಲೇ ಈ ಕ್ಯಾನ್ಸರ್ ಬಂದಿದ್ದರೆ, ಉಳಿದವರು 40ನೇ ವಯಸ್ಸಿಗೆ ಅಥವಾ ಅವರಿಗೆ ಬಂದ ವಯಸ್ಸಿಗಿಂತ 10 ವರ್ಷ ಮೊದಲು, ಯಾವುದು ಬೇಗವೋ ಆಗ, ಈ ಪರೀಕ್ಷೆ ಶುರು ಮಾಡಬೇಕು. ಅಪ್ಪನಿಗೆ 46ರಲ್ಲಿ ಬಂದಿದ್ದರೆ ಮಕ್ಕಳು 36ಕ್ಕೇ ಮಾಡಿಸಬೇಕು. ಅದೇ ಅಜ್ಜನೊಬ್ಬರಿಗೆ ಮಾತ್ರ 80ರಲ್ಲಿ ಬಂದಿದ್ದರೆ ಅಷ್ಟು ಹೆದರಬೇಕಿಲ್ಲ. ಸೋದರತ್ತೆಯ ಗರ್ಭಕೋಶದ ಕ್ಯಾನ್ಸರನ್ನೂ ಬರೆದುಕೊಳ್ಳಿ. ಲಿಂಚ್ ಸಿಂಡ್ರೋಮ್ ಎಂಬ ವಂಶವಾಹಿ ದೋಷದಲ್ಲಿ ಅದೂ, ಕರುಳಿನದೂ ಒಂದೇ ಮನೆತನದಲ್ಲಿ ಕಾಣಿಸಿಕೊಳ್ಳುತ್ತವೆ. ದಯವಿಟ್ಟು, ತಿಥಿ ಮುಗಿದ ಮೇಲೆ ಹಿರಿಯರ ಆಸ್ಪತ್ರೆ ಫೈಲನ್ನು ಒಲೆಗೆ ಹಾಕಬೇಡಿ. ಬಯಾಪ್ಸಿ ವರದಿ, ಡಿಸ್ಚಾರ್ಜ್ ಸಮ್ಮರಿ ಎರಡಾದರೂ ಉಳಿಯಲಿ.

ಒಂದೇ ಮನೆಯಲ್ಲಿ ಮೂವರಿಗೆ ಜಠರದ ಹುಣ್ಣಾದರೆ ಅದು ವಂಶದಿಂದಲೇ ಬಂದದ್ದು ಎನ್ನಲಾಗದು. ಹುಣ್ಣಿಗೆ ಕಾರಣವಾಗುವ ಎಚ್. ಪೈಲೋರಿ ಬ್ಯಾಕ್ಟೀರಿಯಾ ಮನೆಮಂದಿಯ ನಡುವೆ ಹರಡುತ್ತದೆ. ಅದರ ಮಲ ಪರೀಕ್ಷೆಗೋ ಉಸಿರಿನ ಪರೀಕ್ಷೆಗೋ 2 ವಾರ ಮೊದಲು ಪ್ಯಾಂಟೊಪ್ರಜೋಲ್‌ನಂಥ ಗ್ಯಾಸ್ ಮಾತ್ರೆಯನ್ನು ವೈದ್ಯರನ್ನು ಕೇಳಿ ನಿಲ್ಲಿಸಬೇಕು, ಆಂಟಿಬಯಾಟಿಕ್ ಮುಗಿದು 4 ವಾರವಾಗಿರಬೇಕು. ಇಲ್ಲದಿದ್ದರೆ ಸೋಂಕಿದ್ದರೂ 'ಇಲ್ಲ' ಎಂದು ಬರಬಹುದು. ತೋಟದ ಕೆಲಸದ ಸೊಂಟನೋವಿಗೆಂದು ಮೆಡಿಕಲ್ ಶಾಪಿನಿಂದ ತಂದು ನುಂಗುವ ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್ ಕೂಡ ಹುಣ್ಣು ಮಾಡುತ್ತವೆ.

ಮಲ ಡಾಂಬರಿನಂತೆ ಕಪ್ಪಗೆ ಅಂಟಂಟಾದರೆ, ನುಂಗುವಾಗ ಅನ್ನ ಸಿಕ್ಕಿಕೊಂಡರೆ, ಕಾರಣವಿಲ್ಲದೆ ತೂಕ ಅಥವಾ ಹಿಮೋಗ್ಲೋಬಿನ್ ಇಳಿದರೆ ವಯಸ್ಸಿನ ಲೆಕ್ಕ ಹಾಕುತ್ತ ಕೂರಬಾರದು. ರಕ್ತ ಹೋದದ್ದನ್ನು 'ಮೂಲವ್ಯಾಧಿ' ಎಂದು ತಾವೇ ತೀರ್ಮಾನಿಸಿಕೊಳ್ಳುವುದೂ ಬೇಡ. ಕಬ್ಬಿಣಾಂಶದ ಮಾತ್ರೆ ತಿಂದರೂ ಮಲ ಕಪ್ಪಾಗುತ್ತದೆ, ಅದನ್ನು ವೈದ್ಯರಿಗೆ ಹೇಳಿ.

ಇನ್ನು ಕೊಲೊನೋಸ್ಕೋಪಿ. ಇಲ್ಲಿ ಕೆಡುವುದು ಹೆಚ್ಚಾಗಿ ಹಿಂದಿನ ತಯಾರಿಯಲ್ಲೇ. ಮೂರು ದಿನ ಮುಂಚಿನಿಂದ ರಾಗಿಮುದ್ದೆ, ಸೊಪ್ಪಿನ ಸಾರು, ಅವರೆಕಾಳು, ಟೊಮೆಟೊ ಮತ್ತು ಸೀಬೆ ಬೀಜ ಬೇಡ. ಬಿಳಿ ಅನ್ನ, ಇಡ್ಲಿ, ತಿಳಿಸಾರು, ಮಜ್ಜಿಗೆ ಸಾಕು. ಕಬ್ಬಿಣಾಂಶದ ಮಾತ್ರೆಯನ್ನು ಸುಮಾರು ಒಂದು ವಾರ ಮೊದಲೇ ನಿಲ್ಲಿಸಬೇಕಾಗುತ್ತದೆ. ಸಕ್ಕರೆ ಕಾಯಿಲೆಯ ಔಷಧಿ, ರಕ್ತ ತೆಳುವಾಗಿಸುವ ಮಾತ್ರೆಗಳನ್ನು ಮಾತ್ರ ಕೇಳದೆ ಮುಟ್ಟಬೇಡಿ. ಹಿಂದಿನ ದಿನ ಎಳನೀರು, ಸೋಸಿದ ಗಂಜಿ ತಿಳಿ, ಹಾಲಿಲ್ಲದ ಕಾಫಿ. ಭೇದಿಯ ಪುಡಿಯನ್ನು ಸಾಮಾನ್ಯವಾಗಿ 2 ಲೀಟರ್ ನೀರಿಗೆ ಕಲಸುತ್ತಾರೆ, ಪೊಟ್ಟಣದ ಮೇಲಿನ ಅಳತೆಯನ್ನೂ ನೋಡಿಕೊಳ್ಳಿ. ಅರ್ಧ ಹಿಂದಿನ ಸಂಜೆ, ಇನ್ನರ್ಧ ಪರೀಕ್ಷೆಗೆ 4ರಿಂದ 6 ಗಂಟೆ ಮೊದಲು. 15 ನಿಮಿಷಕ್ಕೊಂದು ಲೋಟದಂತೆ ಕುಡಿದು, ಪರೀಕ್ಷೆಗೆ 2 ಗಂಟೆ ಇರುವಾಗ ನೀರು ಸೇರಿ ಎಲ್ಲವನ್ನೂ ನಿಲ್ಲಿಸಬೇಕು.

ಆ ಎರಡನೇ ಅರ್ಧವನ್ನೇ ದೂರದೂರಿನವರು ಬಿಟ್ಟುಬಿಡುತ್ತಾರೆ. ಬೆಳಗಿನ ಬಸ್ಸು ಹಿಡಿಯಬೇಕು, ದಾರಿಯಲ್ಲಿ ಅವಸರವಾದರೆ ಎಲ್ಲಿಗೆ ಹೋಗುವುದು? ಹೆಂಗಸರಿಗಂತೂ ಇದು ದೊಡ್ಡ ಕಷ್ಟ. ಆದರೆ ಬಿಟ್ಟರೆ ಕರುಳಿನ ಬಲಭಾಗದಲ್ಲಿ ಮಲ ಮೆತ್ತಿಕೊಂಡಿರುತ್ತದೆ, ಚಪ್ಪಟೆ ಪಾಲಿಪ್ ಕಣ್ತಪ್ಪುತ್ತದೆ, ವರದಿ 'ನಾರ್ಮಲ್' ಎನ್ನುತ್ತದೆ. ಮನೆತನದಲ್ಲಿ ಕಾಯಿಲೆ ಇರುವವರಿಗೆ ಇದಕ್ಕಿಂತ ಅಪಾಯದ ಸಮಾಧಾನ ಇನ್ನೊಂದಿಲ್ಲ. ಕೊನೆಗೆ ಹೋಗುವುದು ತಿಳಿ ಹಳದಿ ನೀರಿನಂತಿರಬೇಕು. ಕಂದು ಬಣ್ಣವಿದ್ದರೆ ಒಳಗೆ ಹೋಗುವ ಮೊದಲೇ ಸಿಬ್ಬಂದಿಗೆ ಹೇಳಿ, ಸಂಕೋಚ ಬೇಡ.

ಹಾಸನ, ಚಿಕ್ಕಮಗಳೂರು ಎರಡೂ ಜಿಲ್ಲೆಗಳ ಆಸ್ಪತ್ರೆಗಳಲ್ಲಿ ನಮ್ಮ ಮನವಿ: ಸಮಯ ಕೊಡುವಾಗಲೇ ಯಾವ ಊರು ಎಂದು ಕೇಳಿ. ದೂರದವರಿಗೆ ಮಧ್ಯಾಹ್ನ 12ರ ನಂತರದ ಸರದಿ ಸಿಕ್ಕರೆ, 6ಕ್ಕೆ ಪುಡಿ ನೀರು ಶುರುಮಾಡಿ 7ಕ್ಕೆ ಮುಗಿಸಿ, ಹೊಟ್ಟೆ ಖಾಲಿಯಾದ ಮೇಲೆ 9ರ ಬಸ್ಸು ಹತ್ತಬಹುದು. ಈ ಗಂಟೆಗಳನ್ನೆಲ್ಲ ದಪ್ಪಕ್ಷರದಲ್ಲಿ ಕನ್ನಡದಲ್ಲೇ ಮುದ್ರಿಸಿ ಕೊಡಿ. ಓಪಿಡಿ ಚೀಟಿಯಲ್ಲಿ 'ಮನೆಯವರ ಕಾಯಿಲೆ, ಆಗಿನ ವಯಸ್ಸು' ಎಂದು ಒಂದು ಸಾಲೂ ಇರಲಿ.

– ಎಂಡೋಸ್ಕೋಪಿ ವಿಭಾಗದ ನಿವೃತ್ತ ನರ್ಸಿಂಗ್ ಅಧಿಕಾರಿಗಳು, ಹಾಸನ