ಎರಡು ಆಪರೇಷನ್ ಒಂದೇ ಸಲಕ್ಕೆ? ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜ್ ಓದಿದೆ. ಪಿತ್ತಕೋಶದ ಕಲ್ಲು, ಹೊಕ್ಕುಳ ಹರ್ನಿಯಾ, ಎರಡನ್ನೂ ಒಂದೇ ಸಲಕ್ಕೆ ಮುಗಿಸಿಬಿಡೋಣ ಅಂತ ಸರ್ಜನ್ ಹೇಳಿದ್ದಾರೆ. ನಿನಗೂ ಅದೇ ಸರಿ ಅನ್ನಿಸಿದೆ. ಒಂದೇ ಸಲ ಅರಿವಳಿಕೆ, ಒಂದೇ ಸಲ ರಜೆ, ಒಂದೇ ಸಲ ನೋವು. ಬೇರೆ ಯಾರಾದರೂ ಕೇಳಿದ್ದರೆ 'ಹೂಂ, ಮಾಡಿಸ್ಕೋ' ಅಂದು ಸುಮ್ಮನಾಗುತ್ತಿದ್ದೆ. ಆದರೆ ನೀನು ಸಂಧಿವಾತಕ್ಕೆ ಮೆಥೋಟ್ರೆಕ್ಸೇಟ್, ಪ್ರೆಡ್ನಿಸೋಲೋನ್ ಅನ್ನೋ ಸ್ಟಿರಾಯ್ಡ್, ಅದರ ಮೇಲೆ ಅಡಾಲಿಮುಮ್ಯಾಬ್ ಇಂಜೆಕ್ಷನ್ ತಗೊಳ್ಳುವವನು. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಆಪರೇಷನ್ ಥಿಯೇಟರ್ ನರ್ಸ್ ಆಗಿ ನನಗೆ ಗೊತ್ತಿರುವುದನ್ನು ಹೇಳುತ್ತೇನೆ. ತೀರ್ಮಾನ ನಿನ್ನದು, ನಿನ್ನ ಡಾಕ್ಟರುಗಳದು.

ನಿನ್ನ ಕೀಲುಗಳನ್ನು ತಿನ್ನುತ್ತಿರುವ ಬಿಳಿ ರಕ್ತಕಣಗಳೇ ಗಾಯಕ್ಕೆ ನುಗ್ಗುವ ಬ್ಯಾಕ್ಟೀರಿಯಾವನ್ನೂ ತಿನ್ನಬೇಕು. ಔಷಧಿ ಅವನ್ನು ಸುಮ್ಮನಿರಿಸಿದೆ. ಕೀಲಿಗೆ ಅದು ಒಳ್ಳೆಯದು, ಹೊಲಿಗೆ ಹಾಕಿದ ಗಾಯಕ್ಕೆ ಅಲ್ಲ.

ಹಾಗಂತ ಎರಡು ಸೇರಿಸಿದರೆ ಅಪಾಯ ಡಬಲ್ ಅಂತ ಲೆಕ್ಕ ಹಾಕಬೇಡ. ಬೇರೆ ಬೇರೆ ಮಾಡಿಸಿದರೆ ಎರಡು ಸಲ ಅರಿವಳಿಕೆ ತಗೋಬೇಕು, ಅಡಾಲಿಮುಮ್ಯಾಬ್ ಡೋಸನ್ನೂ ಎರಡು ಸಲ ಬಿಡಬೇಕು. ಆ ನಡುವೆ ಕೀಲುನೋವು ಕೆರಳಿ ಸ್ಟಿರಾಯ್ಡ್ ಜಾಸ್ತಿ ಮಾಡಬೇಕಾಗಿ ಬಂದರೆ ಎರಡನೇ ಗಾಯಕ್ಕೆ ಅದೇ ತೊಂದರೆ. ಎಷ್ಟು ಆಪರೇಷನ್ ಅನ್ನೋದಕ್ಕಿಂತ, ಯಾವುದರ ಜೊತೆ ಯಾವುದನ್ನು ಸೇರಿಸುತ್ತಿದ್ದಾರೆ ಅನ್ನೋದು ನೋಡು.

ನಿನ್ನ ವಿಷಯದಲ್ಲಿ ನನಗೆ ಇರುಸುಮುರುಸು ಆಗೋದು ಇಲ್ಲೇ. ಲ್ಯಾಪರೊಸ್ಕೋಪಿಯಲ್ಲಿ, ಅಂದರೆ ಸಣ್ಣ ತೂತುಗಳ ಮೂಲಕ ಮಾಡುವ ಆಪರೇಷನ್‌ನಲ್ಲಿ, ಪಿತ್ತಕೋಶವನ್ನು ಬಿಡಿಸಿ, ಒಂದು ಪುಟ್ಟ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಹೆಚ್ಚಾಗಿ ಹೊಕ್ಕುಳ ಹತ್ತಿರದ ತೂತಿನಿಂದ ಹೊರಗೆ ಎಳೆಯುತ್ತಾರೆ. ಕಲ್ಲು ತುಂಬಿದ್ದರೆ ಅದು ಸಲೀಸಾಗಿ ಬರಲ್ಲ. ತಿರುಗಿಸಿ, ಅಲುಗಾಡಿಸಿ, ಎಳೆಯಬೇಕು. ಕೆಲವೊಮ್ಮೆ ಬಿಡಿಸುವಾಗಲೇ ಹರಿದು ಹಸಿರು ಪಿತ್ತ ಹೊಟ್ಟೆಯೊಳಗೆ ಚೆಲ್ಲುತ್ತದೆ. ಕಲ್ಲಿರುವವರ ಪಿತ್ತದಲ್ಲಿ ಬ್ಯಾಕ್ಟೀರಿಯಾ ಇರುವುದು ಅಪರೂಪವೇನಲ್ಲ. ಆ ಚೀಲ ಹೊರಬರುವ ಜಾಗ ಯಾವುದು ಹೇಳು? ನಿನ್ನ ಹರ್ನಿಯಾ ಇರುವ ಜಾಗ. ಹರ್ನಿಯಾ ಮುಚ್ಚಲು ಹಾಕುವ ಬಲೆಯನ್ನು, ಅಂದರೆ ಮೆಶ್ ಅನ್ನು, ಕೂರಿಸಬೇಕಾದ ಜಾಗವೂ ಅದರ ಆಸುಪಾಸೇ.

ಮೆಶ್ ಮೇಲೆ ಬ್ಯಾಕ್ಟೀರಿಯಾ ಒಮ್ಮೆ ಕೂತರೆ ತನ್ನ ಸುತ್ತ ಲೋಳೆಯ ಪದರ ಕಟ್ಟಿಕೊಳ್ಳುತ್ತದೆ. ಆ್ಯಂಟಿಬಯೋಟಿಕ್ ಅದರೊಳಗೆ ಸರಿಯಾಗಿ ಇಳಿಯಲ್ಲ. ಎಷ್ಟೋ ಸಲ ಮೆಶ್ ತೆಗೆಯುವುದೊಂದೇ ದಾರಿ. ಎಷ್ಟೋ ಆಪರೇಷನ್‌ಗಳಲ್ಲಿ ಸೋಂಕಿಗಾಗಿ 30 ದಿನ ಕಣ್ಣಿಟ್ಟರೆ ಸಾಕು. ಹರ್ನಿಯಾಗೆ, ಅದರಲ್ಲೂ ಮೆಶ್ ಹಾಕಿದ್ದರೆ, 90 ದಿನ ನೋಡಬೇಕು.

ಹಾಗಾಗಿ ಸರ್ಜನ್ ಹತ್ತಿರ ನೇರವಾಗಿ ಕೇಳು: 'ಪಿತ್ತ ಚೆಲ್ಲಿದರೆ ಮೆಶ್ ಹಾಕೋದು ಮುಂದಕ್ಕೆ ಹಾಕ್ತೀರಾ?' ಹರ್ನಿಯಾ ಚಿಕ್ಕದಿದ್ದರೆ ಬರೀ ಹೊಲಿಗೆಯಲ್ಲೇ ಮುಚ್ಚಬಹುದು. ಪಿತ್ತಕೋಶ ಹೊರತೆಗೆದ ತೂತನ್ನು ಹೇಗೂ ಮುಚ್ಚಲೇಬೇಕಲ್ಲ. ಮೆಶ್ ಇಲ್ಲದಿದ್ದರೆ ಹರ್ನಿಯಾ ಮತ್ತೆ ಬರುವ ಸಾಧ್ಯತೆ ಜಾಸ್ತಿ, ನಿಜ. ನಿನ್ನ ಜಾಗದಲ್ಲಿ ನಾನಿದ್ದರೆ ಅದಕ್ಕೆ ಒಪ್ಪಿಕೊಳ್ಳುತ್ತಿದ್ದೆ. ಇನ್ನು ಪಿತ್ತಕೋಶಕ್ಕೆ ಈಗಾಗಲೇ ಸೋಂಕು ತಗುಲಿ ಜ್ವರ, ನೋವು ಇದ್ದರೆ ಮೆಶ್ ಮಾತೇ ಬೇಡ.

ಔಷಧಿ ವಿಷಯ. ಎಲ್ಲವನ್ನೂ ನೀನೇ ನಿಲ್ಲಿಸಿ ಕೂರಬೇಡ ಕಣೋ! ಮೆಥೋಟ್ರೆಕ್ಸೇಟ್ ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಪ್ರೆಡ್ನಿಸೋಲೋನ್ ಅಂತೂ ಒಮ್ಮೆಲೇ ಬಿಡಲೇಬಾರದು, ಆಪರೇಷನ್ ಟೇಬಲ್ ಮೇಲೆ ಬಿಪಿ ಕುಸಿಯಬಹುದು. ಅಡಾಲಿಮುಮ್ಯಾಬ್ ಲೆಕ್ಕ ಬೇರೆ. ಎರಡು ವಾರಕ್ಕೊಂದು ಡೋಸ್ ಆದರೆ, ಮುಂದಿನ ಡೋಸ್ ತಪ್ಪಿಸಿ, ಕೊನೆಯ ಡೋಸ್ ಆದ ಮೂರನೇ ವಾರದಲ್ಲಿ ಆಪರೇಷನ್ ಇಟ್ಟುಕೊಳ್ಳುವುದು ರೂಢಿ. ಗಾಯ ಒಣಗಿ, ಹೊಲಿಗೆ ತೆಗೆದ ಮೇಲೆ, ಸುಮಾರು 14 ದಿನಕ್ಕೆ ಮತ್ತೆ ಶುರು. ಅಂದರೆ ತಾರೀಖನ್ನು ಸರ್ಜನ್ ಒಬ್ಬರೇ ಗೊತ್ತುಮಾಡಿದರೆ ಆಗಲ್ಲ. ನಿನ್ನ ರುಮಟಾಲಜಿಸ್ಟ್, ಅಂದರೆ ಸಂಧಿವಾತದ ಡಾಕ್ಟರ್ ಹತ್ತಿರ ಅವರು ಫೋನಲ್ಲಾದರೂ ಮಾತಾಡಬೇಕು. ಮಾತಾಡಿದ್ದಾರಾ? ನಿನ್ನ ಮೆಸೇಜಲ್ಲಿ ಅದರ ಸುದ್ದಿಯೇ ಇಲ್ಲ.

ಥಿಯೇಟರಿನ ಒಳಗಿನದ್ದು ನಮ್ಮ ಪಾಡು. ಚರ್ಮ ಕೊಯ್ಯುವ ಮುಂಚಿನ 60 ನಿಮಿಷದೊಳಗೆ ಆ್ಯಂಟಿಬಯೋಟಿಕ್ ಹೋಗಿರಬೇಕು. ಮೈ 36 ಡಿಗ್ರಿ ಸೆಲ್ಸಿಯಸ್‌ಗಿಂತ ತಣ್ಣಗಾಗಬಾರದು. ಆಪರೇಷನ್ ಉದ್ದವಾದಷ್ಟೂ ಇದನ್ನೆಲ್ಲ ಕಾಯುವುದು ಕಷ್ಟ, ಸೋಂಕಿನ ಅಪಾಯವೂ ಏರುತ್ತದೆ. ಹಾಗಾಗಿ ಎರಡೂ ಸೇರಿ ಎಷ್ಟು ಹೊತ್ತು ಹಿಡಿಯುತ್ತೆ ಅಂತ ಕೇಳೋದ್ರಲ್ಲಿ ತಪ್ಪಿಲ್ಲ. ನಿನ್ನ ಪಾಲಿನ ಕೆಲಸ ಸಿಗರೇಟು. ಕನಿಷ್ಠ ನಾಲ್ಕು ವಾರ ಮುಂಚೆ ಬಿಡು. ಸ್ಟಿರಾಯ್ಡಿಗೆ ಶುಗರ್ ಏರುತ್ತೆ, ಈಗಲೇ ನೋಡಿಸು. ಹೊಟ್ಟೆ ಮೇಲಿನ ಕೂದಲನ್ನು ಮನೆಯಲ್ಲಿ ರೇಜರ್ ಹಾಕಿ ಬೋಳಿಸಿಕೊಂಡು ಬರಬೇಡ, ಬೇಕಿದ್ದರೆ ನಾವೇ ಕ್ಲಿಪ್ಪರಲ್ಲಿ ತೆಗೆಯುತ್ತೇವೆ.

ಇನ್ನೊಂದು, ಇದನ್ನು ನಿನ್ನ ಹೆಂಡತಿಗೂ ಓದಿ ಹೇಳು. ಮನೆಗೆ ಬಂದ ಮೇಲೆ ಜ್ವರ ಇಲ್ಲ, ಹಾಗಾದರೆ ಎಲ್ಲ ಸರಿ ಇದೆ ಅಂದುಕೊಳ್ಳಬೇಡಿ. ಈ ಔಷಧಿಗಳು ಜ್ವರವನ್ನೂ ಕೆಂಪನ್ನೂ ಮರೆಮಾಚುತ್ತವೆ. ಹೊಲಿಗೆಯಿಂದ ನೀರು ಒಸರಿದರೆ, ಕಡಿಮೆಯಾಗುತ್ತಿದ್ದ ನೋವು ಮತ್ತೆ ಏರಿದರೆ, ಸುಮ್ನೆ ಸುಸ್ತು, ಊಟ ಬೇಡ ಅನ್ನಿಸಿದರೆ ಅವತ್ತೇ ಹೋಗಿ ತೋರಿಸು. 'ನಾಳೆ ನೋಡೋಣ' ಅನ್ನೋ ನಿನ್ನ ಸ್ವಭಾವ ನನಗೆ ಗೊತ್ತಿಲ್ವಾ?

ನಿನ್ನ ಸ್ಕ್ಯಾನ್ ರಿಪೋರ್ಟ್ ಫೋಟೋ ಕಳಿಸು. ಹರ್ನಿಯಾ ಎಷ್ಟು ಸೆಂಟಿಮೀಟರ್ ಅಂತ ಅದರಲ್ಲಿ ಬರೆದಿರುತ್ತಾರೆ. ಕೊನೆಯ ಇಂಜೆಕ್ಷನ್ ತಾರೀಖನ್ನೂ ಬರೆ.

ನಿನ್ನ ಗೆಳತಿ