ಮಂಡೇಲಾ ಮುಖಕ್ಕೆ ಬಳಿದ ಕಾಡಿಗೆ: ನಮ್ಮ ಕ್ಷೇತ್ರದ ಶಾಸಕರಿಗೊಂದು ಬಹಿರಂಗ ಪತ್ರ

ಶಾಸಕರೇ, ನಮಸ್ಕಾರ ರೀ.

ರೋಡು, ಚರಂಡಿ, ಭದ್ರಾ ನಾಲೆ ನೀರು ಅಂತ ನಿಮಗೆ ದಿನಾ ಅರ್ಜಿ ಬರ್ತಾವೆ. ಇದು ಅದ್ಯಾವುದೂ ಅಲ್ಲ, ಮೂರನೇ ಕ್ಲಾಸ್ ಮಕ್ಳ ವಿಷಯ.

ಹೋದ ತಿಂಗ್ಳು ನನ್ನ ಮಗಳ ಶಾಲೆಲಿ (ದಾವಣಗೆರೆದೇ, ಹೆಸರು ಬ್ಯಾಡ) ಛದ್ಮವೇಷ ಇತ್ತು. ಬೆಳ್ಳಗಿರೋ ಹುಡುಗನೊಬ್ಬನ್ನ ನೆಲ್ಸನ್ ಮಂಡೇಲಾ ಮಾಡಿದ್ರು, ಮುಖಕ್ಕೆಲ್ಲಾ ಕೊಬ್ರಿ ಎಣ್ಣೆಲಿ ಕಲಸಿದ ಕಾಡಿಗೆ, ತಲೆಗೆ ಹತ್ತಿ ಅಂಟಿಸಿ ಬಿಳಿ ಕೂದ್ಲು, ಸ್ಟೇಜ್ ಹತ್ತಿದ್ದೇ ತಡ ಎಲ್ಲಾರೂ ಹೋ ಅಂತ ನಕ್ರು, ನಾನೂ ನಕ್ಕೆ, ಸುಳ್ಳ್ಯಾಕೆ ಹೇಳ್ಲಿ. ಅದೇ ಕ್ಲಾಸಲ್ಲಿ ಲಂಬಾಣಿ ತಾಂಡಾದಿಂದ ಬರೋ ಹುಡುಗ ಒಬ್ಬ ಇದಾನೆ, ಎಣ್ಣೆಗಪ್ಪು ಬಣ್ಣ, ಹುಡುಗ್ರು ಅವನನ್ನ ಕರೆಯೋದೇ 'ಇದ್ದಿಲು' ಅಂತ. ಅವನಿಗೆ ಪ್ರತಿ ವರ್ಷ ರಾಕ್ಷಸನ ಪಾರ್ಟೇ, ಈ ಸಲಾನೂ ರಟ್ಟಿನ ಗದೆ ಹಿಡ್ಕೊಂಡು ಮೂಲೆಲಿ ನಿಂತಿದ್ದ. ಬರೋವಾಗ ಸ್ಕೂಟಿ ಹಿಂದೆ ಕೂತು ಮಗಳು ಕೇಳಿದ್ಲು, "ಪಪ್ಪಾ, ಅವನಿಗೇ ಮಂಡೇಲಾ ಪಾರ್ಟು ಕೊಟ್ಟಿದ್ರೆ ಕಾಡಿಗೆನೇ ಬೇಕಿರ್ಲಿಲ್ಲ ಅಲ್ವಾ?"

ನಂಗೆ ಬಾಯೇ ಕಟ್ಟೋಯ್ತು. ಆ ಮಂಡೇಲಾ ದಕ್ಷಿಣ ಆಫ್ರಿಕಾದಲ್ಲಿ 27 ವರ್ಷ ಜೈಲಲ್ಲಿ ಕೊಳೆತಿದ್ದು ಇದೇ ಬಣ್ಣದ ಲೆಕ್ಕಾಚಾರ ಬೇಡ ಅಂತ ರೀ.

ಈ ಬಣ್ಣ, ಜಾತಿ ಭೇದದ ಬಗ್ಗೆ ಮಕ್ಳಿಗೆ ಹೇಳ್ಕೊಡಿ ಅಂದ್ರೆ, ಇಷ್ಟು ಸಣ್ಣ ಮಕ್ಳಿಗೆ ಇದೆಲ್ಲಾ ಯಾಕೆ ಸಾರ್ ಅಂದ್ರು ಒಬ್ರು ಮೇಷ್ಟ್ರು. 1960ರಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ರೂಬಿ ಬ್ರಿಡ್ಜಸ್ ಅನ್ನೋ ಕಪ್ಪು ಹುಡುಗಿ ಬಿಳಿಯರ ಪ್ರೈಮರಿ ಶಾಲೆಗೆ ಸೇರಿದಾಗ ಅವಳಿಗೆ 6 ವರ್ಷ, ಅಷ್ಟು ಸಣ್ಣ ಮಗೂನ ಕೇಂದ್ರ ಸರ್ಕಾರದ ಮಾರ್ಷಲ್‌ಗಳು ಸುತ್ತ ಕಾವಲಿದ್ದು ಕರ್ಕೊಂಡ್ ಹೋಗ್ಬೇಕಾಯ್ತು, ಬಿಳಿಯರು ತಮ್ಮ ಮಕ್ಳನ್ನ ಬಿಡಿಸ್ಕೊಂಡ್ ಹೋದ್ರು, ಕೊನೆಗೆ ಬಾರ್ಬರಾ ಹೆನ್ರಿ ಅನ್ನೋ ಟೀಚರ್ ವರ್ಷಪೂರ್ತಿ ಖಾಲಿ ಕ್ಲಾಸಲ್ಲಿ ಅವಳೊಬ್ಬಳಿಗೇ ಪಾಠ ಮಾಡಿದ್ರು. ಇದನ್ನ ಮಗಳಿಗೆ ಹೇಳಿದೆ, ಪೂರ್ತಿ ಅರ್ಥ ಆಯ್ತು. ಬಿಸಿಯೂಟ ಮಾಡೋರ ಜಾತಿ ನೋಡಿ ಮಕ್ಳನ್ನ ಶಾಲೆ ಬಿಡಿಸಿದ ಸುದ್ದಿ ನಮ್ ರಾಜ್ಯದಲ್ಲೇ ಓದಿದೀವಿ, ಅದನ್ನೂ ಹೇಳಿದೆ. ಅದು ಅವಳಿಗೆ ಅರ್ಥ ಆಗ್ಲಿಲ್ಲ, "ಅನ್ನ ಅನ್ನಾನೇ ಅಲ್ವಾ ಪಪ್ಪಾ" ಅಂದ್ಲು.

ವಾರ್ಷಿಕೋತ್ಸವದ ಫ್ಲೆಕ್ಸಲ್ಲಿ 'ವಿಶ್ವ ಪ್ರಜೆಗಳು' ಅಂತ ದೊಡ್ಡದಾಗಿ ಹಾಕಿಸ್ತಾರೆ, ಭೂಮಿ ಚಿತ್ರ, ಸುತ್ತ ಕೈ ಹಿಡ್ಕೊಂಡ ಮಕ್ಳು, ಅದ್ರಲ್ಲಿ ಒಂದಾದ್ರೂ ಕಪ್ಪು ಮಗು ಇರ್ಬಾರ್ದಾ? ಹುಬ್ಬಳ್ಳಿ ದಾಟಿ ಹೋದ್ರೆ ಯಲ್ಲಾಪುರ, ಹಳಿಯಾಳ, ಅಲ್ಲಿ ಸಿದ್ದಿ ಜನ ಇದಾರೆ, ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಬಂದ ಆಫ್ರಿಕಾದವರ ವಂಶ, 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ರು. ಕೊಂಕಣಿ, ಕನ್ನಡ ಮಾತಾಡೋ, ನಮ್ ನಿಮ್ ಹಂಗೇ ಕರ್ನಾಟಕದ ಜನ. ನಮ್ ಮಕ್ಳ ಮುಂದೆ ಸಿದ್ದಿ ಫೋಟೋ ಹಿಡಿದು ಯಾವ ದೇಶದವ್ರು ಅಂತ ಕೇಳಿ ನೋಡಿ.

ನಾನ್ ಕೇಳೋದು ಜಾಸ್ತಿ ಏನಿಲ್ಲ. ಸರ್ಕಾರಿ ಶಾಲೆಗಳಲ್ಲಿ ಬ್ಯಾಗ್ ಇಲ್ಲದ ಶನಿವಾರ ಐತಲ್ಲ, ಅದ್ರಲ್ಲಿ ಒಂದೆರಡು ಶನಿವಾರ ಇದಕ್ಕೆ ಕೊಡಿಸಿ, ಯಲ್ಲಾಪುರದಿಂದ ಒಬ್ರು ಸಿದ್ದಿ ಟೀಚರನ್ನೋ ಅವರ ಡಮಾಮ್ ಡೋಲು ಬಾರಿಸೋರನ್ನೋ ಕರೆಸಿ, ಬಸ್ ಚಾರ್ಜು ಊಟದ ಖರ್ಚಷ್ಟೇ. ನಮ್ ತಾಂಡಾದ ಅಜ್ಜಿ ಒಬ್ರನ್ನೂ ಕೂರಿಸಿ ಅವರ ಭಾಷೆಲೇ ಕತೆ ಹೇಳಿಸಿ, ಲಂಬಾಣಿ ಜನರ ಗುರು ಸಂತ ಸೇವಾಲಾಲರು ಹುಟ್ಟಿದ ಸೂರಗೊಂಡನಕೊಪ್ಪ ನಮ್ ಜಿಲ್ಲೇಲೇ ಇರೋದು, ಆದ್ರೂ ಲಂಬಾಣಿ ಮಕ್ಳು ಕ್ಲಾಸಲ್ಲಿ ತಮ್ಮ ಮಾತು ಆಡೋಕೆ ನಾಚ್ತಾವೆ. ಮತ್ತೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಸಾಹೇಬ್ರಿಗೆ ಒಂದು ಮಾತು ಹೇಳಿ, ಈ ಮುಖಕ್ಕೆ ಕಪ್ಪು ಬಳಿಯೋದು, ಕಪ್ಪಗಿದ್ರೆ ರಾಕ್ಷಸನ ಪಾರ್ಟು ಕೊಡೋದು ನಿಲ್ಲಿಸಿ ಅಂತ. ಎಲ್ಲಾ ಶಾಲೆಗೂ ಒಂದು ಸುತ್ತೋಲೆ ಹೋದ್ರೆ ಸಾಕು.

ಮೊನ್ನೆ ಆ ಹುಡುಗ ಗೇಟಲ್ಲಿ ಸಿಕ್ಕಿದ್ದ, ಮುಂದಿನ ವರ್ಷ ಏನ್ ವೇಷ ಹಾಕ್ತೀಯೋ ಅಂದೆ. ಪೈಲಟ್ ಅಂದ, ಆದ್ರೆ ಡ್ರೆಸ್ ಬಾಡಿಗೆ ಜಾಸ್ತಿಯಂತೆ. ಅದನ್ನ ನಾನು ನೋಡ್ಕೋತೀನಿ, ಮೇಲಿನದು ನೀವು ನೋಡಿ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಮತದಾರ, ದಾವಣಗೆರೆ